ಡಿಜಿಟಲ್ ಪೊಟೆನ್ಶಿಯೋಮೀಟರಿಗೆ ವಿದ್ಯುತ್ ಪೂರೈಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣಕ್ಕೆ ಆಯ್ದುಕೊಂಡ ಆರು ಪತ್ರಗಳೂ ಒಂದೇ ಬಗೆಯ ಪುಟ್ಟ ಚಿಪ್ಪಿನ ಬಗ್ಗೆ ಇವೆ. ಗುಂಡಿಯನ್ನು ಕೈಯಿಂದ ತಿರುಗಿಸುವ ಬದಲು ಮೈಕ್ರೋಕಂಟ್ರೋಲರ್ ಕಳುಹಿಸುವ ಆದೇಶದಿಂದ ವೈಪರನ್ನು, ಅಂದರೆ ರೋಧಕದ ಮೇಲೆ ಜಾಗ ಬದಲಿಸುವ ನಡುವಿನ ತುದಿಯನ್ನು, ಸರಿಸುವ ಡಿಜಿಟಲ್ ಪೊಟೆನ್ಶಿಯೋಮೀಟರ್ ಅದು. ಪತ್ರ ಬರೆದವರಲ್ಲಿ ಹೆಚ್ಚಿನವರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹುಡುಕಿ ದಣಿದಿದ್ದಾರೆ. ಪತ್ರಗಳನ್ನು ಓದಿದಾಗ ನಮಗೆ ಕಂಡದ್ದು, ತೊಂದರೆಯ ಬೇರು ಬಹುಪಾಲು ವಿದ್ಯುತ್ ಪೂರೈಕೆಯ ಎರಡು ಪಿನ್ನುಗಳ ಆಸುಪಾಸಿನಲ್ಲಿಯೇ ಇದೆ ಎಂಬುದು.

ಪ್ರಶ್ನೆ: ಆರ್ಡುಯಿನೊ ಯುನೊ ಬೋರ್ಡಿಗೆ 10 ಕಿಲೋಓಮ್‌ನ ಎಂಸಿಪಿ41010 ಚಿಪ್ಪನ್ನು ಜೋಡಿಸಿದ್ದೇನೆ. ಸಾಮಾನ್ಯ ಪೊಟೆನ್ಶಿಯೋಮೀಟರಿಗೆ ಮೂರೇ ಕಾಲುಗಳಿರುವುದರಿಂದ ಇಲ್ಲಿಯೂ ಎ, ಬಿ ಮತ್ತು ವೈಪರ್ ಎಂಬ ಮೂರು ತುದಿಗಳನ್ನೂ, ಸಂವಹನಕ್ಕೆ ಬೇಕಾದ ಮೂರು ತಂತಿಗಳನ್ನೂ ಜೋಡಿಸಿ, 4ನೇ ಪಿನ್ನನ್ನು ಗ್ರೌಂಡಿಗೆ ಕೊಟ್ಟು, ವಿದ್ಯುತ್ ಪೂರೈಕೆಗೆಂದಿರುವ ವಿಡಿಡಿ ಎಂಬ 8ನೇ ಪಿನ್ನನ್ನು ಹಾಗೆಯೇ ಬಿಟ್ಟೆ. ವಿಚಿತ್ರವೆಂದರೆ ಚಿಪ್ ಕೆಲವು ಬೆಲೆಗಳಿಗೆ ಸರಿಯಾಗಿ ಸ್ಪಂದಿಸುತ್ತದೆ, ಕೆಲವಕ್ಕೆ ಇಲ್ಲ. ಚಿಪ್ ಕೆಟ್ಟಿದೆಯೇ? ವಿಡಿಡಿ ಕೊಡಲೇಬೇಕೆಂದಾದರೆ 5 ವೋಲ್ಟ್ ಪಿನ್ನಿನಿಂದಲೋ, 3.3 ವೋಲ್ಟ್ ಪಿನ್ನಿನಿಂದಲೋ ಅಥವಾ ಪ್ರತ್ಯೇಕ ಅಡಾಪ್ಟರಿನಿಂದಲೋ?

ಉತ್ತರ: ಚಿಪ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದು ನಿಮ್ಮ ಸಿಗ್ನಲ್ ತಂತಿಗಳಿಂದ ಕದ್ದ ವಿದ್ಯುತ್ತಿನಲ್ಲಿ ಉಸಿರಾಡುತ್ತಿದೆ, ಅಷ್ಟೇ.

ಹೆಸರಿನಲ್ಲಿ ಪೊಟೆನ್ಶಿಯೋಮೀಟರ್ ಎಂದಿದ್ದರೂ ಇದು ಮೂರು ಕಾಲಿನ ರೋಧಕವಲ್ಲ. ಚಿಪ್ಪಿನೊಳಗೆ ಸರಣಿಯಲ್ಲಿ ಜೋಡಿಸಿದ ಚಿಕ್ಕ ಚಿಕ್ಕ ರೋಧಕಗಳ ಒಂದು ಏಣಿಯಿದೆ. ಏಣಿಯ ಪ್ರತಿ ಮೆಟ್ಟಿಲಿನಿಂದ ವೈಪರ್ ಪಿನ್ನಿಗೆ ಒಂದೊಂದು ಎಲೆಕ್ಟ್ರಾನಿಕ್ ಸ್ವಿಚ್ ಇದೆ. ನೀವು ಕಳುಹಿಸುವ 0ಯಿಂದ 255ರ ನಡುವಿನ ಸಂಖ್ಯೆಯು ಆ 256 ಸ್ವಿಚ್ಚುಗಳಲ್ಲಿ ಯಾವುದು ಮುಚ್ಚಬೇಕೆಂಬುದನ್ನು ನಿರ್ಧರಿಸುತ್ತದೆ. 10 ಕಿಲೋಓಮ್ ಚಿಪ್ಪಿನಲ್ಲಿ ಒಂದು ಮೆಟ್ಟಿಲೆಂದರೆ ಸುಮಾರು 39 ಓಮ್. ಈ ಸ್ವಿಚ್ಚುಗಳು ಟ್ರಾನ್ಸಿಸ್ಟರುಗಳಾದ್ದರಿಂದ ಅವು ಮುಚ್ಚಲು, ತೆರೆಯಲು, ಹಾಗೂ ಆಯ್ಕೆಯಾದ ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ವಿಡಿಡಿ ಮತ್ತು ಗ್ರೌಂಡಿಗೆ ಹೋಗುವ ವಿಎಸ್‌ಎಸ್ ನಡುವೆ ವೋಲ್ಟೇಜ್ ಬೇಕೇ ಬೇಕು. ಪೂರೈಕೆ ಇಲ್ಲದ ಚಿಪ್ಪಿನಲ್ಲಿ ವೈಪರ್ ಎಲ್ಲಿದೆ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಹೊಸ ಚಿಪ್ಪನ್ನು ಪೊಟ್ಟಣದಿಂದ ತೆಗೆದು ಮಲ್ಟಿಮೀಟರಿನ ಓಮ್ ವಿಭಾಗದಲ್ಲಿ ಅಳೆದು "ಇದು ಹಾಳು" ಎಂದು ಬದಿಗಿಡುವವರು ಮಾಡುವ ತಪ್ಪೂ ಇದೇ.

ಹಾಗಾದರೆ ನಿಮ್ಮಲ್ಲಿ ಅದು ಅರೆಬರೆಯಾಗಿಯಾದರೂ ಹೇಗೆ ನಡೆಯಿತು? ಇಂಥ ಚಿಪ್ಪುಗಳ ಪ್ರತಿ ಇನ್‌ಪುಟ್ ಪಿನ್ನಿನಿಂದ ಒಳಗಿನ ಪೂರೈಕೆಯ ಗೆರೆಗೆ ಒಂದು ರಕ್ಷಣಾ ಡಯೋಡ್ ಇರುತ್ತದೆ. ಸ್ಥಾಯೀ ವಿದ್ಯುತ್ತಿನ ಪೆಟ್ಟಿನಿಂದ ಚಿಪ್ಪನ್ನು ಕಾಯುವುದು ಅದರ ಕೆಲಸ. ವಿಡಿಡಿ ಖಾಲಿಯಿದ್ದಾಗ, 5 ವೋಲ್ಟ್‌ನಲ್ಲಿರುವ ಯಾವುದೇ ಸಿಗ್ನಲ್ ತಂತಿ ಆ ಡಯೋಡಿನ ಮೂಲಕ ಒಳಗಿನ ಗೆರೆಗೆ ವಿದ್ಯುತ್ ಹರಿಸುತ್ತದೆ, ಡಯೋಡಿನಲ್ಲಿ 0.6 ವೋಲ್ಟ್‌ನಷ್ಟು ಕಳೆದು ಉಳಿದದ್ದರಲ್ಲಿ ಚಿಪ್ ಎಚ್ಚರಗೊಳ್ಳುತ್ತದೆ. ಚಿಪ್ಪನ್ನು ಆಯ್ಕೆ ಮಾಡುವ ಸಿಎಸ್ ತಂತಿ ಬಿಡುವಿನಲ್ಲಿ ಮೇಲಿರುತ್ತದೆ, ಆಗ ಚಿಪ್ಪಿಗೆ ಊಟ ಸಿಗುತ್ತದೆ. ಆದೇಶ ಕಳುಹಿಸಲು ಅದೇ ತಂತಿಯನ್ನು ಕೆಳಗಿಳಿಸಿದ ಕ್ಷಣದಲ್ಲಿ ಊಟ ನಿಲ್ಲುತ್ತದೆ; ಆಮೇಲೆ ಗಡಿಯಾರದ ಮಿಡಿತಗಳು ಮತ್ತು ದತ್ತಾಂಶದಲ್ಲಿ ಬರುವ ಒಂದುಗಳು ಎಷ್ಟು ಉಣಿಸುತ್ತವೆಯೋ ಅಷ್ಟು. ಆದ್ದರಿಂದಲೇ ಹೆಚ್ಚು ಒಂದುಗಳಿರುವ ಬೆಲೆಗಳು ದಾಟಿ ಹೋಗಿ, ಸೊನ್ನೆಗಳೇ ತುಂಬಿದ ಬೆಲೆಗಳು ದಾರಿಯಲ್ಲಿ ಕಳೆದುಹೋಗುವುದು ಸಾಧ್ಯ. ಪ್ರೋಗ್ರಾಮಿನಲ್ಲಿ ಎಷ್ಟು ಹುಡುಕಿದರೂ ಸಿಗದ ತಪ್ಪು ಇದು. ನಾನೂ ಒಮ್ಮೆ ಒಂದು ಇಡೀ ಸಂಜೆಯನ್ನು ಇದಕ್ಕೇ ಕಳೆದು, ಕೊನೆಗೆ ಬ್ರೆಡ್‌ಬೋರ್ಡಿನಲ್ಲಿ ವಿಡಿಡಿ ತಂತಿ ಒಂದು ರಂಧ್ರ ಪಕ್ಕಕ್ಕೆ ಸರಿದಿದ್ದನ್ನು ಕಂಡವನು. ಈ ಸ್ಥಿತಿಯಲ್ಲಿ ಚಿಪ್ಪನ್ನು ಬಹಳ ಹೊತ್ತು ಬಿಡುವುದು ಒಳ್ಳೆಯದಲ್ಲ, ಏಕೆಂದರೆ ಆ ಡಯೋಡುಗಳು ನಿರಂತರ ವಿದ್ಯುತ್ ಹೊರಲು ಮಾಡಿದವುಗಳಲ್ಲ.

ಇನ್ನು ಜೋಡಣೆಯ ವಿಚಾರಕ್ಕೆ ಬರೋಣ. ಎಂಸಿಪಿ41010ಕ್ಕೆ 2.7ರಿಂದ 5.5 ವೋಲ್ಟ್‌ವರೆಗಿನ ಪೂರೈಕೆ ಸಾಕು. ಯುನೊದ ಸಿಗ್ನಲ್ಲುಗಳು 5 ವೋಲ್ಟ್‌ನವಾದ್ದರಿಂದ ಚಿಪ್ಪಿಗೂ ಅದೇ ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ಕೊಡಿ. 3.3 ವೋಲ್ಟ್ ಪಿನ್ನಿನಿಂದ ಕೊಟ್ಟರೆ ಸಿಗ್ನಲ್ ತಂತಿಗಳು ಪೂರೈಕೆಗಿಂತ 1.7 ವೋಲ್ಟ್ ಮೇಲೆ ನಿಲ್ಲುತ್ತವೆ, ಪೂರೈಕೆಗಿಂತ 1 ವೋಲ್ಟ್‌ಗೂ ಮೇಲೆ ಯಾವ ಪಿನ್ನೂ ಹೋಗಕೂಡದೆಂದು ತಯಾರಕರು ಹೇಳಿರುವ ಗಡಿಯನ್ನೇ ಅದು ಮೀರುತ್ತದೆ. ಪ್ರತ್ಯೇಕ ಅಡಾಪ್ಟರಿನ ಅಗತ್ಯ ಖಂಡಿತ ಇಲ್ಲ. ಚಿಪ್ ತನಗಾಗಿ ಎಳೆಯುವುದು ಸಂವಹನ ನಡೆಯುವಾಗಲೂ ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಎ ಮತ್ತು ಬಿ ನಡುವೆ 5 ವೋಲ್ಟ್ ಕೊಟ್ಟರೆ 10 ಕಿಲೋಓಮ್ ಮೂಲಕ ಹರಿಯುವುದು ಅರ್ಧ ಮಿಲಿಆಂಪಿಯರ್.

ಚಿಪ್ಪಿನ ಗುರುತಿನ ಕಚ್ಚು ಮೇಲಿರುವಂತೆ ಹಿಡಿದರೆ ಎಡಗಡೆಯ ಮೇಲಿನದು 1ನೇ ಪಿನ್. ಅದು ಸಿಎಸ್, ಯುನೊದ 10ಕ್ಕೆ ಹೋಗುತ್ತದೆ. 2ನೆಯದು ಗಡಿಯಾರ, 13ಕ್ಕೆ. 3ನೆಯದು ದತ್ತಾಂಶ, 11ಕ್ಕೆ. 4ನೆಯದು ವಿಎಸ್‌ಎಸ್, ಗ್ರೌಂಡಿಗೆ. ಬಲಗಡೆ ಕೆಳಗಿನಿಂದ ಮೇಲಕ್ಕೆ 5, 6, 7 ಕ್ರಮವಾಗಿ ಎ, ವೈಪರ್ ಮತ್ತು ಬಿ. ಮೇಲ್ತುದಿಯ 8ನೆಯದು ವಿಡಿಡಿ. ಪೂರೈಕೆಯ ಎರಡು ಪಿನ್ನುಗಳು ಚಿಪ್ಪಿನ ಎದುರುಬದುರು ಮೂಲೆಗಳಲ್ಲಿ ಇರುವುದನ್ನು ಗಮನಿಸಿ. ಇವೆರಡರ ನಡುವೆ 104 ಎಂದು ಮುದ್ರಿಸಿರುವ 0.1 ಮೈಕ್ರೋಫ್ಯಾರಡ್ ಸಿರಾಮಿಕ್ ಕೆಪಾಸಿಟರನ್ನು, ಕಾಲುಗಳನ್ನು ಗಿಡ್ಡವಾಗಿ ಕತ್ತರಿಸಿ, ಚಿಪ್ಪಿನ ಬೆನ್ನ ಮೇಲಿಂದಲೇ ಅಡ್ಡಲಾಗಿ ಹಾಕಿ. ಸ್ವಿಚ್ಚುಗಳು ಬದಲಾಗುವ ಗಳಿಗೆಯಲ್ಲಿ ಬೇಕಾಗುವ ಕ್ಷಣಿಕ ವಿದ್ಯುತ್ತು ಉದ್ದ ತಂತಿಗಳ ಮೂಲಕ ಬರುವಷ್ಟರಲ್ಲಿ ತಡವಾಗುತ್ತದೆ. ಪಕ್ಕದಲ್ಲೇ ಇರುವ ಕೆಪಾಸಿಟರ್ ಆ ಕೊರತೆಯನ್ನು ತುಂಬುತ್ತದೆ. ಬೋರ್ಡಿನ ಇನ್ನೊಂದು ತುದಿಯಲ್ಲಿ, ಅಂದಕ್ಕೆಂಬಂತೆ ಹಾಕಿದ ಕೆಪಾಸಿಟರಿನಿಂದ ಈ ಪ್ರಯೋಜನವಿಲ್ಲ. ಜೊತೆಗೆ, ಉದ್ದನೆಯ ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಪೂರೈಕೆ ಸಾಲು ನಟ್ಟನಡುವೆ ತುಂಡಾಗಿರುತ್ತದೆ, ಹೊರಗಿನಿಂದ ನೋಡಿದರೆ ಅದು ತಿಳಿಯದು. ಆದಕಾರಣ ವೋಲ್ಟೇಜನ್ನು ಸಾಲಿನಲ್ಲಿ ಅಳೆಯದೆ, ಮೀಟರಿನ ಕಡ್ಡಿಗಳನ್ನು ಚಿಪ್ಪಿನ 8 ಮತ್ತು 4ನೇ ಕಾಲುಗಳಿಗೇ ಮುಟ್ಟಿಸಿ ಅಳೆಯಿರಿ.

ಇಷ್ಟಾದ ಮೇಲೆ ಪರೀಕ್ಷೆ ಸುಲಭ. ಎ ತುದಿಯನ್ನು 5 ವೋಲ್ಟ್‌ಗೂ, ಬಿ ತುದಿಯನ್ನು ಗ್ರೌಂಡಿಗೂ, ವೈಪರನ್ನು ಯುನೊದ ಎ0 ಅನಲಾಗ್ ಇನ್‌ಪುಟ್ಟಿಗೂ ಜೋಡಿಸಿ. ಆದೇಶದ ಬೈಟಾಗಿ ಹೆಕ್ಸಾಡೆಸಿಮಲ್ 11ನ್ನು, ಅದರ ಹಿಂದೆಯೇ ಬೆಲೆಯ ಬೈಟನ್ನು ಕಳುಹಿಸಿ. 64 ಕಳುಹಿಸಿದಾಗ ಸುಮಾರು 256, 128ಕ್ಕೆ 512, 192ಕ್ಕೆ 768 ಓದಿಗೆ ಬಂದರೆ ಜೋಡಣೆ ಸರಿಯಿದೆ. ಯುಎಸ್‌ಬಿಯಿಂದ ಬರುವ 5 ವೋಲ್ಟ್ ನಿಖರವಾಗಿ 5 ಇರದೆ ಸ್ವಲ್ಪ ಕೆಳಗಿದ್ದರೂ ಈ ಸಂಖ್ಯೆಗಳು ಕದಲುವುದಿಲ್ಲ, ಏಕೆಂದರೆ ಅಳೆಯುವ ಅನಲಾಗ್ ಇನ್‌ಪುಟ್ಟೂ ಅದೇ ಪೂರೈಕೆಯನ್ನೇ ಅಳತೆಗೋಲಾಗಿ ಬಳಸುತ್ತದೆ. ಚಿಪ್ಪಿನ ಒಟ್ಟು ರೋಧ 10 ಕಿಲೋಓಮ್ ಎಂದಿದ್ದರೂ 8ರಿಂದ 12ರವರೆಗೆ ಎಲ್ಲಿ ಬೇಕಾದರೂ ಇರಬಹುದು. ವೋಲ್ಟೇಜ್ ಹಂಚಿಕೆಗೆ ಬಳಸಿದಾಗ ಆ ವ್ಯತ್ಯಾಸವೂ ಲೆಕ್ಕಕ್ಕೆ ಬರುವುದಿಲ್ಲ, ಅನುಪಾತ ಮಾತ್ರ ಬರುತ್ತದೆ. ಈ ಕಾರಣಕ್ಕೇ ಡಿಜಿಟಲ್ ಪೊಟೆನ್ಶಿಯೋಮೀಟರನ್ನು ಎರಡು ಕಾಲಿನ ರೋಧಕವಾಗಿ ಬಳಸುವುದಕ್ಕಿಂತ ಮೂರು ಕಾಲಿನ ಹಂಚಿಕೆಯಾಗಿ ಬಳಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಇಎಸ್‌ಪಿ32 ಬೋರ್ಡಿನಿಂದ ಇದೇ ಚಿಪ್ಪನ್ನು ನಡೆಸುತ್ತಿದ್ದೇನೆ. ನನಗೆ 0ಯಿಂದ 5 ವೋಲ್ಟ್‌ವರೆಗಿನ ಔಟ್‌ಪುಟ್ ಬೇಕಾದ್ದರಿಂದ ಚಿಪ್ಪಿಗೆ 5 ವೋಲ್ಟ್ ಕೊಟ್ಟಿದ್ದೇನೆ. ಮೇಜಿನ ಮೇಲೆ ಚೆನ್ನಾಗಿ ನಡೆದ ಸರ್ಕ್ಯೂಟ್, ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ಆಗಾಗ ಆದೇಶಗಳನ್ನು ನುಂಗುತ್ತದೆ. ಸಡಿಲ ತಂತಿ ಯಾವುದೂ ಇಲ್ಲ.

ಉತ್ತರ: ಮೇಜಿನ ಮೇಲೆ ನಡೆದದ್ದೇ ಅದೃಷ್ಟ. ಎಂಸಿಪಿ41010 ತನ್ನ ಇನ್‌ಪುಟ್ಟಿನಲ್ಲಿ ಬಂದದ್ದನ್ನು ಒಂದು ಎಂದು ಖಚಿತವಾಗಿ ಒಪ್ಪಿಕೊಳ್ಳಲು ಪೂರೈಕೆಯ ಶೇಕಡಾ 70ರಷ್ಟು ವೋಲ್ಟೇಜ್ ಕೇಳುತ್ತದೆ. 5 ವೋಲ್ಟ್ ಪೂರೈಕೆಗೆ ಅದು 3.5 ವೋಲ್ಟ್. ಇಎಸ್‌ಪಿ32 ಕೊಡಬಲ್ಲದ್ದು ಹೆಚ್ಚೆಂದರೆ 3.3. ಡೇಟಾಶೀಟಿನ ಗಡಿಯಲ್ಲಿ ತಯಾರಕರು ಒಂದಿಷ್ಟು ಅಂತರ ಇಟ್ಟಿರುವುದರಿಂದ ಎಷ್ಟೋ ಚಿಪ್ಪುಗಳು 3.3ಕ್ಕೂ ಮಣಿಯುತ್ತವೆ, ತಾಪಮಾನ ಬದಲಾದಾಗ, ತಂತಿ ಉದ್ದವಾದಾಗ, ಪಕ್ಕದಲ್ಲಿ ಗದ್ದಲ ಹೆಚ್ಚಿದಾಗ ಆ ಅಂತರ ಕರಗುತ್ತದೆ.

ನಿಜವಾಗಿಯೂ 5 ವೋಲ್ಟ್ ಔಟ್‌ಪುಟ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ವೈಪರಿನ ವೋಲ್ಟೇಜನ್ನು ಮುಂದೆ ಆಪ್‌ಆಂಪ್ ಒಂದು ಹಿಗ್ಗಿಸುವುದಿದ್ದರೆ, ಚಿಪ್ಪಿಗೂ 3.3 ವೋಲ್ಟನ್ನೇ ಕೊಟ್ಟು ಎ ತುದಿಯನ್ನೂ ಅಲ್ಲಿಗೇ ಕಟ್ಟಿ, ಹಿಗ್ಗಿಸುವ ಪ್ರಮಾಣವನ್ನು ಸ್ವಲ್ಪ ಏರಿಸಿದರೆ ಮುಗಿಯಿತು. ಪೂರೈಕೆ ಇಳಿದಾಗ ಒಳಗಿನ ಸ್ವಿಚ್ಚುಗಳ ರೋಧ ತುಸು ಏರುತ್ತದೆ, 5.5 ವೋಲ್ಟ್‌ನಲ್ಲಿ ಸಾಮಾನ್ಯವಾಗಿ 52 ಓಮ್ ಇರುವುದು 2.7ರಲ್ಲಿ 73ರ ಸುತ್ತ ಬರುತ್ತದೆ. ಹಂಚಿಕೆಯಾಗಿ ಬಳಸುವವರಿಗೆ ಇದರಿಂದ ನಷ್ಟವಿಲ್ಲ.

5 ವೋಲ್ಟ್ ಬೇಕೇ ಬೇಕೆಂದಾದರೆ ನಡುವೆ 74ಎಎಚ್‌ಸಿಟಿ125ನಂಥ ಒಂದು ಬಫರ್ ಚಿಪ್ಪನ್ನು 5 ವೋಲ್ಟ್ ಪೂರೈಕೆಯಲ್ಲಿ ಹಾಕಿ. ಹೆಸರಿನಲ್ಲಿರುವ ಆ "ಟಿ" ಅಕ್ಷರ ಮುಖ್ಯ: ಆ ಕುಟುಂಬದ ಚಿಪ್ಪುಗಳು 2 ವೋಲ್ಟ್ ದಾಟಿದ್ದನ್ನೇ ಒಂದು ಎಂದು ಒಪ್ಪುತ್ತವೆ, ಔಟ್‌ಪುಟ್ಟಿನಲ್ಲಿ ತುಂಬು 5 ವೋಲ್ಟ್ ಕೊಡುತ್ತವೆ. ಎಂಸಿಪಿ41010 ಬರೀ ಕೇಳುವ ಚಿಪ್ ಆದ್ದರಿಂದ ಈ ಏಕಮುಖ ವ್ಯವಸ್ಥೆ ಸಾಕು. ಆದರೆ ಎಂಸಿಪಿ4131ರಂಥ ಚಿಪ್ಪಿನಲ್ಲಿ 3ನೇ ಪಿನ್ ದತ್ತಾಂಶವನ್ನು ಒಳಗೆ ತೆಗೆದುಕೊಳ್ಳುವುದಲ್ಲದೆ ಹೊರಕ್ಕೂ ಕಳುಹಿಸುತ್ತದೆ. ಅದಕ್ಕೆ 5 ವೋಲ್ಟ್ ಕೊಟ್ಟು ಆ ಪಿನ್ನನ್ನು ನೇರವಾಗಿ ಇಎಸ್‌ಪಿ32ಗೆ ಕಟ್ಟಿದರೆ 5 ವೋಲ್ಟ್ ಹಿಮ್ಮುಖವಾಗಿ ಬಂದು, 3.3 ವೋಲ್ಟ್‌ಗಷ್ಟೇ ಮಾಡಿದ ಪಿನ್ನಿಗೆ ಬಡಿಯುತ್ತದೆ. ಐ2ಸಿ ಎಂಬ ಎರಡು ತಂತಿಯ ಸಂವಹನ ಮಾದರಿಯ ಚಿಪ್ಪುಗಳಲ್ಲಿ, ಆ ತಂತಿಗಳನ್ನು ಮೇಲೆ ಹಿಡಿದಿಡುವ ಪುಲ್‌ಅಪ್ ರೆಸಿಸ್ಟರುಗಳು ಯಾವ ಪೂರೈಕೆಗೆ ಕಟ್ಟಿವೆ ಎಂಬುದನ್ನೂ ನೋಡಬೇಕು. ಸಿದ್ಧ ಮಾಡ್ಯೂಲಿನಲ್ಲಿ ಅವು ಮಾಡ್ಯೂಲಿನ ಪೂರೈಕೆಗೇ ಕಟ್ಟಿರುವುದು ಸಾಮಾನ್ಯ.

ಬೋರ್ಡಿಗೊಂದು, ಚಿಪ್ಪಿಗೊಂದು ಎಂದು ಎರಡು ಪೂರೈಕೆಗಳಿದ್ದರೆ ಎರಡರ ಗ್ರೌಂಡೂ ಒಂದಾಗಿರಬೇಕೆಂದು ಹೇಳುವ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ. ಚಿಪ್ಪಿನ ಪೂರೈಕೆ ಆರಿ ಬೋರ್ಡ್ ಮಾತ್ರ ಬದುಕಿರುವ ಸ್ಥಿತಿ ಬಂದರೆ, ಮೊದಲ ಪತ್ರದಲ್ಲಿ ಹೇಳಿದ ಕದ್ದ ಊಟದ ಕಥೆಯೇ ಇಲ್ಲಿಯೂ ಮರುಕಳಿಸುತ್ತದೆ.

ಪ್ರಶ್ನೆ: ಎಲ್‌ಎಂ317 ಎಂಬ ವೋಲ್ಟೇಜ್ ನಿಯಂತ್ರಕವನ್ನು ಬಳಸಿದ ನನ್ನ ಪವರ್ ಸಪ್ಲೈಯಲ್ಲಿ ವೋಲ್ಟೇಜ್ ಹೊಂದಿಸುವ 5 ಕಿಲೋಓಮ್ ಪೊಟೆನ್ಶಿಯೋಮೀಟರನ್ನು ತೆಗೆದು ಡಿಜಿಟಲ್ ಚಿಪ್ ಹಾಕಿದೆ. ಚಿಪ್ಪಿಗೆ ಮೈಕ್ರೋಕಂಟ್ರೋಲರಿನ 5 ವೋಲ್ಟನ್ನು ಸರಿಯಾಗಿಯೇ ಕೊಟ್ಟಿದ್ದೆ. ಸಪ್ಲೈ ಹಚ್ಚಿದ ಕೂಡಲೇ ಚಿಪ್ ಕೈ ಸುಡುವಷ್ಟು ಬಿಸಿಯಾಗಿ ಸತ್ತಿತು. ಔಟ್‌ಪುಟ್ 12 ವೋಲ್ಟ್ ಇರಬೇಕಿತ್ತು. 15 ವೋಲ್ಟ್ ಇನ್‌ಪುಟ್ ಇದೆ.

ಉತ್ತರ: ಪೂರೈಕೆಯನ್ನು ನೀವು ಸರಿಯಾಗಿ ಕೊಟ್ಟಿರಿ, ಆದರೆ ಆ ಪೂರೈಕೆ ಹಾಕಿದ ಬೇಲಿಯನ್ನು ಸಿಗ್ನಲ್ ದಾಟಿತು. ಡಿಜಿಟಲ್ ಪೊಟೆನ್ಶಿಯೋಮೀಟರಿನ ಎ, ಬಿ ಮತ್ತು ವೈಪರ್ ತುದಿಗಳು ಸಾಮಾನ್ಯ ರೋಧಕದ ಕಾಲುಗಳಂತೆ ಯಾವ ವೋಲ್ಟೇಜಿನಲ್ಲಿ ಬೇಕಾದರೂ ತೇಲುವಂತಿಲ್ಲ. ವಿಎಸ್‌ಎಸ್‌ಗಿಂತ ಕೆಳಗೆ ಇಳಿಯದೆ, ವಿಡಿಡಿಗಿಂತ ಮೇಲೆ ಏರದೆ ಅದರ ನಡುವೆಯೇ ಇರಬೇಕು. ಎಲ್‌ಎಂ317 ತನ್ನ ಔಟ್‌ಪುಟ್ ಮತ್ತು ಅಡ್ಜಸ್ಟ್ ಪಿನ್ನಿನ ನಡುವೆ 1.25 ವೋಲ್ಟ್ ಕಾಪಾಡುವ ಭಾಗ. ಔಟ್‌ಪುಟ್ 12 ಎಂದರೆ ಅಡ್ಜಸ್ಟ್ ಪಿನ್ 10.75 ವೋಲ್ಟ್‌ನಲ್ಲಿ ನಿಂತಿರುತ್ತದೆ, ಅದು ನೇರವಾಗಿ 5 ವೋಲ್ಟ್‌ನ ಚಿಪ್ಪಿಗೆ ಬಂದಿದೆ.

ಎರಡನೆಯ ದೋಷ ವಿದ್ಯುತ್ ಪ್ರವಾಹದ್ದು. ಎಲ್‌ಎಂ317ರ ಜೊತೆ ವಾಡಿಕೆಯಂತೆ 240 ಓಮ್ ಹಾಕಿದ್ದರೆ ಆ ರೋಧಕದಲ್ಲಿ 5.2 ಮಿಲಿಆಂಪಿಯರ್ ಹರಿಯುತ್ತದೆ, ಅಷ್ಟೂ ಪೊಟೆನ್ಶಿಯೋಮೀಟರಿನ ಮೂಲಕವೇ ಗ್ರೌಂಡ್ ಸೇರಬೇಕು. ಎಂಸಿಪಿ41010ರ ವೈಪರ್ ಹೊರಬಲ್ಲದ್ದು 1 ಮಿಲಿಆಂಪಿಯರ್. ಎಲ್‌ಇಡಿಯ ಬೆಳಕನ್ನೋ ಮೋಟಾರಿನ ವೇಗವನ್ನೋ ನೇರವಾಗಿ ಈ ಚಿಪ್ಪಿನಿಂದ ನಿಯಂತ್ರಿಸಲು ಹೊರಡುವವರಿಗೂ ಇದೇ ಉತ್ತರ. ಆ ಕೆಲಸ ಪಿಡಬ್ಲ್ಯುಎಂ (ವಿದ್ಯುತ್ತನ್ನು ವೇಗವಾಗಿ ಹಚ್ಚಿ ಆರಿಸುವ ವಿಧಾನ) ಮತ್ತು ಟ್ರಾನ್ಸಿಸ್ಟರಿನದು.

ಹೆಚ್ಚು ವೋಲ್ಟೇಜ್ ತಾಳುವ ಡಿಜಿಟಲ್ ಪೊಟೆನ್ಶಿಯೋಮೀಟರುಗಳು ಇಲ್ಲವೆಂದಲ್ಲ. ಎಡಿ5290ರ ಅನಲಾಗ್ ಭಾಗ 30 ವೋಲ್ಟ್‌ವರೆಗೂ, ಎಂಸಿಪಿ41ಎಚ್‌ವಿ51ರದ್ದು 36 ವೋಲ್ಟ್‌ವರೆಗೂ ಹೋಗುತ್ತದೆ. ಎಂಸಿಪಿ41ಎಚ್‌ವಿ51ರಲ್ಲಿ ಅನಲಾಗ್ ಭಾಗಕ್ಕೆ ಒಂದು, ತರ್ಕದ ಭಾಗಕ್ಕೆ ಇನ್ನೊಂದು ಎಂದು ಬೇರೆ ಬೇರೆ ಪೂರೈಕೆ ಪಿನ್ನುಗಳೇ ಇವೆ. ಅವನ್ನು ಕೊಳ್ಳುವ ಮೊದಲು ನಿಮ್ಮಲ್ಲಿರುವ ಬಗೆಯ 5 ವೋಲ್ಟ್ ಚಿಪ್ಪಿನಲ್ಲೇ ಆಗುವ ಒಂದು ದಾರಿಯನ್ನು ಯೋಚಿಸಿ. ಚಿಪ್ಪಿನ ಎ ತುದಿಯನ್ನು 5 ವೋಲ್ಟ್‌ಗೆ, ಬಿಯನ್ನು ಗ್ರೌಂಡಿಗೆ ಕಟ್ಟಿ. ವೈಪರಿನ 0ಯಿಂದ 5 ವೋಲ್ಟನ್ನು, 15 ವೋಲ್ಟ್‌ನ ಇನ್‌ಪುಟ್ಟಿನಿಂದ ನಡೆಯುವ ಎಲ್‌ಎಂ358 ಆಪ್‌ಆಂಪಿಗೆ ಕೊಟ್ಟು, ಹಿಮ್ಮಾಹಿತಿಗೆ 12 ಕಿಲೋಓಮ್ ಮತ್ತು 10 ಕಿಲೋಓಮ್ ರೋಧಕಗಳನ್ನು ಹಾಕಿದರೆ ವೋಲ್ಟೇಜ್ 2.2 ಪಟ್ಟು ಆಗಿ ಗರಿಷ್ಠ 11 ವೋಲ್ಟ್ ಬರುತ್ತದೆ. ಆಪ್‌ಆಂಪಿನ ಔಟ್‌ಪುಟ್ಟನ್ನು ಎಲ್‌ಎಂ317ರ ಅಡ್ಜಸ್ಟ್ ಪಿನ್ನಿಗೆ ಕೊಡಿ. 240 ಓಮ್ ತನ್ನ ಜಾಗದಲ್ಲೇ ಇರಲಿ. ಔಟ್‌ಪುಟ್ ಅದಕ್ಕಿಂತ 1.25 ಮೇಲೆ, ಅಂದರೆ ಗರಿಷ್ಠ 12.25 ವೋಲ್ಟ್ ಆಗುತ್ತದೆ, ಒಂದೊಂದು ಮೆಟ್ಟಿಲಿಗೆ ಸುಮಾರು 43 ಮಿಲಿವೋಲ್ಟ್ ಬದಲಾಗುತ್ತದೆ. ಆ 5.2 ಮಿಲಿಆಂಪಿಯರನ್ನು ಈಗ ಆಪ್‌ಆಂಪ್ ನುಂಗಿಕೊಳ್ಳುತ್ತದೆ, ಹಾಗೆ ನುಂಗುತ್ತಿರುವಾಗ ಎಲ್‌ಎಂ358 ಪೂರ್ತಿ ಸೊನ್ನೆಗೆ ಇಳಿಯಲಾರದಾದ್ದರಿಂದ ನಿಮ್ಮ ಕನಿಷ್ಠ ಔಟ್‌ಪುಟ್ 1.25ಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಚಿಪ್ ಮಾತ್ರ ತನ್ನ 5 ವೋಲ್ಟ್‌ನ ಬೇಲಿಯೊಳಗೆ ಕ್ಷೇಮವಾಗಿರುತ್ತದೆ.

ಪ್ರಶ್ನೆ: ಆಂಪ್ಲಿಫೈಯರಿನ ಧ್ವನಿ ಹೊಂದಿಸಲು 5 ವೋಲ್ಟ್ ಪೂರೈಕೆಯ ಎಂಸಿಪಿ41010 ಹಾಕಿದ್ದೇನೆ. ಆಡಿಯೋ ಸಿಗ್ನಲ್ ಎ ತುದಿಗೆ, ಬಿ ಗ್ರೌಂಡಿಗೆ, ವೈಪರ್ ಆಂಪ್ಲಿಫೈಯರಿಗೆ. ಹಾಡು ಒಡೆದು ಕರಕರ ಎನ್ನುತ್ತದೆ, ಸಣ್ಣ ಧ್ವನಿಯಲ್ಲಿ ಪರವಾಗಿಲ್ಲ.

ಉತ್ತರ: ಆಡಿಯೋ ಸಿಗ್ನಲ್ ಗ್ರೌಂಡಿನ ಮೇಲೂ ಕೆಳಗೂ ಸಮನಾಗಿ ತೂಗುತ್ತದೆ. ನಿಮ್ಮ ಚಿಪ್ಪಿನ ಕೆಳಗಿನ ಬೇಲಿ ಗ್ರೌಂಡೇ ಆಗಿರುವುದರಿಂದ, ಋಣ ಭಾಗ ಅರ್ಧ ವೋಲ್ಟ್‌ಗಿಂತ ಆಳಕ್ಕೆ ಇಳಿದ ಕೂಡಲೇ ರಕ್ಷಣಾ ಡಯೋಡುಗಳು ಅದನ್ನು ಕತ್ತರಿಸುತ್ತವೆ. ಸಣ್ಣ ಸಿಗ್ನಲ್ ಅಷ್ಟು ಇಳಿಯದ್ದರಿಂದ ಪಾರಾಗುತ್ತದೆ.

ಪರಿಹಾರವೆಂದರೆ ಸಿಗ್ನಲ್ಲನ್ನು ಪೂರೈಕೆಯ ನಟ್ಟನಡುವೆ, 2.5 ವೋಲ್ಟ್‌ನ ಮೇಲೆ ಕೂರಿಸುವುದು. 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಎರಡು 10 ಕಿಲೋಓಮ್ ರೋಧಕಗಳನ್ನು ಸರಣಿಯಲ್ಲಿ ಹಾಕಿದರೆ ಮಧ್ಯಬಿಂದುವಿನಲ್ಲಿ 2.5 ವೋಲ್ಟ್ ಸಿಗುತ್ತದೆ. ಬಿ ತುದಿಯನ್ನು ಗ್ರೌಂಡಿನಿಂದ ಬಿಡಿಸಿ ಇಲ್ಲಿಗೆ ಕಟ್ಟಿ. ಆಡಿಯೋ 2.2 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಎ ತುದಿಗೆ ಬರಲಿ. 10 ಕಿಲೋಓಮ್ ಜೊತೆ ಸೇರಿ ಅದು ಸುಮಾರು 7 ಹರ್ಟ್ಸ್‌ಗಿಂತ ಕೆಳಗಿನದನ್ನಷ್ಟೇ ತಡೆಯುತ್ತದೆ. ವೈಪರಿನಿಂದ ಹೊರಡುವಾಗಲೂ ಇನ್ನೊಂದು ಕೆಪಾಸಿಟರ್ ಇರಬೇಕು, ಇಲ್ಲವಾದರೆ 2.5 ವೋಲ್ಟ್ ಆಂಪ್ಲಿಫೈಯರಿಗೂ ಹೋಗುತ್ತದೆ.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಮಧ್ಯಬಿಂದುವಿನಿಂದ ಗ್ರೌಂಡಿಗೆ ಹಾಕುವ ಕೆಪಾಸಿಟರನ್ನು 10 ಮೈಕ್ರೋಫ್ಯಾರಡ್ ಸಾಕೆಂದು ಬಿಡುತ್ತಾರೆ. 20 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 800 ಓಮ್. ಧ್ವನಿಯನ್ನು ಸೊನ್ನೆಗೆ ಇಳಿಸಿದರೂ ಆ 800 ಓಮ್ ಮೇಲೆ ಮಂದ್ರ ಸ್ವರಗಳು ಉಳಿದು, ಡೋಲಿನ ಸದ್ದು ಮಾತ್ರ ದೂರದಿಂದೆಂಬಂತೆ ಕೇಳುತ್ತಿರುತ್ತದೆ. 100 ಮೈಕ್ರೋಫ್ಯಾರಡ್ ಹಾಕಿ, ಅಥವಾ ಆಪ್‌ಆಂಪ್ ಒಂದರಿಂದ ಮಧ್ಯಬಿಂದುವಿಗೆ ಬಲ ತುಂಬಿ. ಮೈಕ್ರೋಕಂಟ್ರೋಲರಿನ 5 ವೋಲ್ಟ್‌ನಲ್ಲಿರುವ ಗದ್ದಲವೂ ಈ ಮಧ್ಯಬಿಂದುವಿನ ಮೂಲಕವೇ ಹಾಡಿನೊಳಗೆ ನುಸುಳುತ್ತದೆ, ದೊಡ್ಡ ಕೆಪಾಸಿಟರಿನಿಂದ ಅದಕ್ಕೂ ಕಡಿವಾಣ ಬೀಳುತ್ತದೆ.

ಇಷ್ಟು ಮಾಡಿದರೂ 5 ವೋಲ್ಟ್‌ನಲ್ಲಿ ಹಿಡಿಯುವುದು ಮೇಲೆ 2.5, ಕೆಳಗೆ 2.5 ವೋಲ್ಟ್. 2 ವೋಲ್ಟ್ ಆರ್‌ಎಂಎಸ್ ಕೊಡುವ ಸಿಡಿ ಪ್ಲೇಯರಿನಂಥ ಮೂಲದ ಶಿಖರ 2.8 ವೋಲ್ಟ್ ಮುಟ್ಟುತ್ತದೆ, ಅದನ್ನು ಎರಡು ರೋಧಕಗಳಿಂದ ಮೊದಲೇ ತಗ್ಗಿಸಿಕೊಳ್ಳಿ. ಎರಡೂ ದಿಕ್ಕಿನ ಪೂರೈಕೆಯೇ ಇರುವವರು ಎಡಿ5206 ನೋಡಬಹುದು, ಅದರ ವಿಎಸ್‌ಎಸ್ ಪಿನ್ನಿಗೆ ಋಣ 2.7 ವೋಲ್ಟ್‌ವರೆಗೆ ಕೊಡಲು ಅವಕಾಶವಿದೆ. ಎಂಸಿಪಿ41010ದಲ್ಲಿ ಅಂಥ ಪ್ರಯೋಗ ಬೇಡ. ವಿಎಸ್‌ಎಸ್ ಅನ್ನು ಗ್ರೌಂಡಿನಿಂದ ಕೆಳಗಿಳಿಸಿದರೆ ಅದರ ಇನ್‌ಪುಟ್ಟುಗಳ ಸೊನ್ನೆ–ಒಂದುಗಳ ಲೆಕ್ಕವೂ ಜೊತೆಗೇ ಕೆಳಗಿಳಿಯುತ್ತದೆ.

ಪ್ರಶ್ನೆ: ಚಿಪ್ಪಿಗೆ ಇಷ್ಟು ಕಡಿಮೆ ವಿದ್ಯುತ್ ಸಾಕೆಂದಾದರೆ, ಯುನೊದ ಒಂದು ಡಿಜಿಟಲ್ ಪಿನ್ನಿನಿಂದಲೇ ವಿಡಿಡಿ ಕೊಟ್ಟು, ಬೇಡವಾದಾಗ ಆರಿಸಬಹುದಲ್ಲವೇ? ಬ್ಯಾಟರಿ ಉಳಿಯುತ್ತದೆ.

ಉತ್ತರ: ಕೊಡಬಹುದು, ಡಿಜಿಟಲ್ ಪಿನ್ 20 ಮಿಲಿಆಂಪಿಯರ್ ಆರಾಮವಾಗಿ ಕೊಡುತ್ತದೆ. ಆದರೆ ಉಳಿತಾಯ ಬಹುತೇಕ ಇಲ್ಲ: ಸುಮ್ಮನಿರುವ ಎಂಸಿಪಿ41010 ಎಳೆಯುವುದೇ 1 ಮೈಕ್ರೋಆಂಪಿಯರಿನ ಆಸುಪಾಸು. ಬ್ಯಾಟರಿಯನ್ನು ತಿನ್ನುತ್ತಿರುವುದು ಎ–ಬಿ ನಡುವಿನ ಅರ್ಧ ಮಿಲಿಆಂಪಿಯರ್. ಆರಿಸುವುದಾದರೆ ಎ ತುದಿಯ ವೋಲ್ಟೇಜನ್ನೂ ಆರಿಸಬೇಕು, ಸಂವಹನದ ಮೂರೂ ತಂತಿಗಳನ್ನು ಕೆಳಗಿಳಿಸಿಡಬೇಕು. ಒಂದು ಮರೆತರೂ ಚಿಪ್ ಹಿಂಬಾಗಿಲಿನಿಂದ ಉಣ್ಣುತ್ತದೆ. ಅದಕ್ಕಿಂತ ಚಿಪ್ಪಿನಲ್ಲೇ ಇರುವ ಶಟ್‌ಡೌನ್ ಆದೇಶವನ್ನು ಕಳುಹಿಸಿ. ಅದು ಎ ತುದಿಯನ್ನು ಒಳಗೇ ಕಡಿದು ವೈಪರನ್ನು ಬಿ ಕಡೆಗೆ ಸೇರಿಸುತ್ತದೆ, ಅಲ್ಲಿಗೆ ಆ ಅರ್ಧ ಮಿಲಿಆಂಪಿಯರೂ ನಿಲ್ಲುತ್ತದೆ.

ಪ್ರಶ್ನೆ: ಸಪ್ಲೈ ಹಚ್ಚಿದಾಗಲೆಲ್ಲ ನನ್ನ ಎಂಸಿಪಿ41010 ಅರ್ಧಕ್ಕೆ ಜಿಗಿಯುತ್ತದೆ. ಕೆಲವೊಮ್ಮೆ ಮಧ್ಯದಲ್ಲಿಯೂ ಹೀಗಾಗುತ್ತದೆ. ಅದೇ 5 ವೋಲ್ಟ್‌ನಲ್ಲಿ ಒಂದು ಸಣ್ಣ ಮೋಟಾರ್ ಇದೆ. ಎಕ್ಸ್9ಸಿ103 ಹಾಕಿದರೆ ಸರಿಹೋದೀತೇ?

ಉತ್ತರ: ಅರ್ಧಕ್ಕೆ ಜಿಗಿಯುವುದು ಕೆಡುಕಲ್ಲ, ಅದರ ಸ್ವಭಾವ. ಈ ಚಿಪ್ಪಿಗೆ ಶಾಶ್ವತ ನೆನಪಿಲ್ಲ. ವಿದ್ಯುತ್ ಬಂದಾಗಲೆಲ್ಲ ವೈಪರನ್ನು 128ರಲ್ಲಿ ನಿಲ್ಲಿಸುತ್ತದೆ. ಮಧ್ಯದಲ್ಲಿ ಆಗುತ್ತಿರುವುದಕ್ಕೆ ಮೋಟಾರಿನ ಮೇಲೆ ನನ್ನ ಅನುಮಾನ. ಮೋಟಾರ್ ಹೊರಡುವಾಗ 5 ವೋಲ್ಟ್ ಕ್ಷಣಕಾಲ ಕುಸಿಯುತ್ತದೆ, ಚಿಪ್ ಅದನ್ನು ಹೊಸ ಆರಂಭವೆಂದು ತಿಳಿಯುತ್ತದೆ, ಮೈಕ್ರೋಕಂಟ್ರೋಲರಿಗೆ ಮಾತ್ರ ಏನೂ ಆಗಿರುವುದಿಲ್ಲವಾದ್ದರಿಂದ ಅದು ಹಳೆಯ ಬೆಲೆಯೇ ಇದೆ ಎಂದು ನಂಬಿ ಕುಳಿತಿರುತ್ತದೆ. ಮೋಟಾರಿನ ಪೂರೈಕೆಯನ್ನು ಬೇರ್ಪಡಿಸಿ, ಗ್ರೌಂಡ್ ತಂತಿಗಳು ಪೂರೈಕೆಯ ಬುಡದಲ್ಲಿ ಮಾತ್ರ ಕೂಡುವಂತೆ ಮಾಡಿ. ಮೋಟಾರಿನ ವಿದ್ಯುತ್ತು ಚಿಪ್ಪಿನ ಗ್ರೌಂಡ್ ತಂತಿಯಲ್ಲಿ ಹರಿಯಬಾರದು. ಪ್ರೋಗ್ರಾಮು ಬೆಲೆಯನ್ನು ಆಗಾಗ ಮತ್ತೆ ಕಳುಹಿಸುತ್ತಿರುವುದೂ ಒಳ್ಳೆಯ ಅಭ್ಯಾಸ. ಮೈಕ್ರೋಕಂಟ್ರೋಲರ್ ಎಚ್ಚರಗೊಳ್ಳುವ ಮೊದಲು ಅದರ ಪಿನ್ನುಗಳು ಅತಂತ್ರವಾಗಿರುವುದರಿಂದ, ಸಿಎಸ್ ತಂತಿಯಿಂದ ವಿಡಿಡಿಗೆ ಒಂದು 10 ಕಿಲೋಓಮ್ ಹಾಕಿಬಿಡಿ.

ಎಕ್ಸ್9ಸಿ103 ತನ್ನ ಸ್ಥಾನವನ್ನು ನೆನಪಿಡಬಲ್ಲದು, ಆದರೆ ಅದು 256 ಅಲ್ಲ, 100 ಮೆಟ್ಟಿಲುಗಳ ಚಿಪ್. ಸಂಖ್ಯೆ ಕಳುಹಿಸುವಂತಿಲ್ಲ, ಮೇಲೆ ಅಥವಾ ಕೆಳಗೆ ಒಂದೊಂದೇ ಮೆಟ್ಟಿಲು ಸರಿಸಬೇಕು. ಮೆಟ್ಟಿಲು ಸರಿಸುವ ಮಿಡಿತ ಬರುವ ಐಎನ್‌ಸಿ ತಂತಿ ಮೇಲಿರುವಾಗ ಸಿಎಸ್ ಮೇಲೇರಿದರೆ ಆಗಿನ ಸ್ಥಾನ ಶಾಶ್ವತ ನೆನಪಿಗೆ ಬರೆದುಹೋಗುತ್ತದೆ, ಹಾಗೆ ಬರೆಯುವುದಕ್ಕೆ ಸುಮಾರು 1,00,000 ಸಲದ ಆಯುಸ್ಸು. ಪ್ರತಿ ಚಲನೆಗೂ ಬರೆಯುವ ಪ್ರೋಗ್ರಾಮು ಅದನ್ನು ಬೇಗ ಸವೆಸುತ್ತದೆ. ಐಎನ್‌ಸಿ ಕೆಳಗಿರುವಾಗಲೇ ಸಿಎಸ್ ಏರಿಸಿದರೆ ಬರೆಯದೆ ಬಿಡುತ್ತದೆ. ಅದರ ಪಿನ್ನುಗಳ ಕ್ರಮವೂ ಬೇರೆ: 8ನೇ ಪಿನ್ ವಿಸಿಸಿ, 4ನೆಯದು ಗ್ರೌಂಡ್ ಎಂಬುದು ಹೊಂದುತ್ತದೆ, ಆದರೆ ಎಂಸಿಪಿ41010ರ ಸಿಎಸ್ ಇದ್ದ 1ನೇ ಪಿನ್ನಿನಲ್ಲಿ ಇಲ್ಲಿ ಐಎನ್‌ಸಿ ಇದೆ, ಸಿಎಸ್ 7ಕ್ಕೆ ಹೋಗಿದೆ, ರೋಧಕದ ತುದಿಗಳು 3, 5, 6ರಲ್ಲಿವೆ. ಹಳೆಯ ಚಿಪ್ಪಿನ ಜಾಗದಲ್ಲಿ ಹಾಗೆಯೇ ಚುಚ್ಚಿದರೆ, ಬಿ ತುದಿಗಾಗಿ ಗ್ರೌಂಡಿಗೆ ಕಟ್ಟಿದ್ದ ತಂತಿ ಸಿಎಸ್ ಅನ್ನು ಸದಾ ಕೆಳಗೆ ಹಿಡಿದಿಡುತ್ತದೆ. ಮೋಟಾರಿನ ತೊಂದರೆಯನ್ನು ಮೊದಲು ಬಗೆಹರಿಸಿ. ಆಮೇಲೆ ನಿಮಗೆ ಚಿಪ್ ಬದಲಿಸುವ ಅಗತ್ಯವೇ ಬಾರದಿರಬಹುದು.